23 ನಿಮಿಷದ ಹಾಡು, 4 ನಿಮಿಷದ ಹಾಡು

ಫೋನಿನಲ್ಲಿ ಡೇಟಾ ಉಳಿದಿದ್ದರೆ ಇದನ್ನು ಓದುವ ಮೊದಲು ಎರಡು ಇಂಗ್ಲಿಷ್ ಹಾಡು ಕೇಳಿ. ಒಂದು 1972ರ ‘ಸಪ್ಪರ್ಸ್ ರೆಡಿ’. ಏಳು ಭಾಗಗಳಿರುವ ಈ ಹಾಡು ಹತ್ತಿರ ಹತ್ತಿರ 23 ನಿಮಿಷ ನಡೆಯುತ್ತದೆ. ತಾಳ ಬದಲಾಗುತ್ತದೆ, ಗತಿ ಬದಲಾಗುತ್ತದೆ, ಹಾಡುವವನ ದನಿಯೂ ಒಂದೊಂದು ಪಾತ್ರಕ್ಕೆ ಒಂದೊಂದು ಥರ ಆಗುತ್ತದೆ. ಇನ್ನೊಂದು 1978ರ ‘ಫಾಲೋ ಯು ಫಾಲೋ ಮಿ’. ನಾಲ್ಕು ನಿಮಿಷದ ಪ್ರೇಮಗೀತೆ. ಮೆತ್ತಗೆ ಶುರುವಾಗಿ ಮೆತ್ತಗೇ ಮುಗಿಯುತ್ತದೆ. ಇಂಗ್ಲಿಷ್ ಅರ್ಥವಾಗದಿದ್ದರೂ ಎರಡನೇ ಸಲ ಕೇಳುವಾಗ ನೀವೇ ಗುನುಗುತ್ತೀರಿ.

ಎರಡನ್ನೂ ಮಾಡಿದ್ದು ಒಂದೇ ಬ್ಯಾಂಡ್, ಇಂಗ್ಲೆಂಡಿನ ಜೆನೆಸಿಸ್. ನಾನು ಮೊದಲು ಕೇಳಿದ್ದು ಎರಡನೆಯದನ್ನು. ಮೊದಲನೆಯದೂ ಇವರದ್ದೇ ಅಂತ ಗೊತ್ತಾದಾಗ ಯಾರೋ ತಪ್ಪು ಹೆಸರು ಹಾಕಿ ಅಪ್‌ಲೋಡ್ ಮಾಡಿದ್ದಾರೆ ಅಂದುಕೊಂಡಿದ್ದೆ.

ಆ ಆರು ವರ್ಷದಲ್ಲಿ ಏನಾಯಿತು ಅಂತ ಕೇಳಿದರೆ ಹಳೇ ಅಭಿಮಾನಿಗಳ ಬಳಿ ಉತ್ತರ ಸಿದ್ಧ ಇರುತ್ತದೆ. ಹಾಡುಗಾರ ಪೀಟರ್ ಗೇಬ್ರಿಯಲ್ ಬಿಟ್ಟುಹೋದರು, ಡ್ರಮ್ಸ್ ಬಾರಿಸುತ್ತಿದ್ದ ಫಿಲ್ ಕಾಲಿನ್ಸ್ ಮೈಕ್ ಹಿಡಿದರು, ದುಡ್ಡಿನ ಆಸೆಗೆ ಒಳ್ಳೇ ಬ್ಯಾಂಡನ್ನು ಕೆಡಿಸಿಬಿಟ್ಟರು. ನಲವತ್ತು ವರ್ಷಕ್ಕೂ ಮೇಲಿನಿಂದ ಈ ಮಾತು ಓಡಾಡುತ್ತಿದೆ. ಆದರೆ ಇಸವಿಗಳನ್ನೂ ಯಾವ ಹಾಡು ಯಾರದ್ದು ಅನ್ನುವುದನ್ನೂ ಜೋಡಿಸಿ ನೋಡಿದರೆ ಲೆಕ್ಕ ಕೂಡುವುದಿಲ್ಲ.

ಜೆನೆಸಿಸ್ ಶುರುವಾಗಿದ್ದು 1967ರಲ್ಲಿ, ಸರ್ರೆ ಪ್ರಾಂತ್ಯದ ಚಾರ್ಟರ್‌ಹೌಸ್ ಅನ್ನುವ ಶಾಲೆಯಲ್ಲಿ. ಶ್ರೀಮಂತರ ಮಕ್ಕಳು ಓದುವ ವಸತಿ ಶಾಲೆ ಅದು. ಗೇಬ್ರಿಯಲ್, ಕೀಬೋರ್ಡ್ ನುಡಿಸುವ ಟೋನಿ ಬ್ಯಾಂಕ್ಸ್, ಗಿಟಾರ್ ನುಡಿಸುವ ಮೈಕ್ ರುದರ್‌ಫೋರ್ಡ್, ಆಂಟನಿ ಫಿಲಿಪ್ಸ್ ಎಲ್ಲರೂ ಅಲ್ಲಿಯ ವಿದ್ಯಾರ್ಥಿಗಳು. ವೇದಿಕೆ ಹತ್ತಲು ವಿಪರೀತ ಹೆದರುತ್ತಿದ್ದ ಫಿಲಿಪ್ಸ್ 1970ರಲ್ಲಿ ಬಿಟ್ಟರು. ಡ್ರಮ್ಸ್‌ಗೂ ಆಗ ಹೊಸ ಜನ ಬೇಕಾಗಿತ್ತು. ‘ಮೆಲೊಡಿ ಮೇಕರ್’ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು.

ಜಾಹೀರಾತು ನೋಡಿ ಬಂದವರಲ್ಲಿ ಕಾಲಿನ್ಸ್ ಒಬ್ಬರು. ಲಂಡನ್ನಿನ ಸಾಮಾನ್ಯ ಮನೆಯ ಹುಡುಗ, ಚಿಕ್ಕವನಿದ್ದಾಗ ನಾಟಕದಲ್ಲಿ ಪಾತ್ರ ಮಾಡಿದವ. ಪರೀಕ್ಷೆ ನಡೆದದ್ದು ಗೇಬ್ರಿಯಲ್ ಅಪ್ಪ ಅಮ್ಮನ ಮನೆಯಲ್ಲಿ. ಇವರು ಬೇಗ ಹೋಗಿದ್ದರು. ಸರದಿ ಬರುವವರೆಗೆ ಈಜುಕೊಳದಲ್ಲಿ ಈಜುತ್ತಿರು ಅಂದರಂತೆ. ಈಜುತ್ತಾ ಒಳಗೆ ಬೇರೆಯವರು ಬಾರಿಸುವುದನ್ನು ಕೇಳಿಸಿಕೊಂಡ ಕಾಲಿನ್ಸ್, ತಮ್ಮ ಸರದಿ ಬರುವಷ್ಟರಲ್ಲಿ ಹಾಡುಗಳನ್ನೆಲ್ಲ ಕಲಿತುಬಿಟ್ಟಿದ್ದರು! ಇದು ಅವರೇ ಹೇಳಿಕೊಳ್ಳುವ ಕಥೆ. 1971ರ ಆರಂಭದಲ್ಲಿ ಗಿಟಾರಿಗೆ ಸ್ಟೀವ್ ಹ್ಯಾಕೆಟ್ ಬಂದರು, ಐದು ಜನರಾದರು.

ಇವರು ಮಾಡುತ್ತಿದ್ದ ಸಂಗೀತಕ್ಕೆ ಪ್ರೋಗ್ರೆಸಿವ್ ರಾಕ್ ಅಂತ ಹೆಸರು. ಉದ್ದುದ್ದ ಹಾಡು, ಹೆಜ್ಜೆ ಹಾಕಲಾಗದ ತಾಳ, ಯುರೋಪಿನ ಶಾಸ್ತ್ರೀಯ ಸಂಗೀತದ ನೆರಳು, ಪುರಾಣದಂಥ ಕಥೆಗಳು. ಅದಕ್ಕೆ ಗೇಬ್ರಿಯಲ್ ವೇಷವನ್ನೂ ಸೇರಿಸಿದರು. 1972ರ ಸೆಪ್ಟೆಂಬರಿನಲ್ಲಿ ಡಬ್ಲಿನ್ ನಗರದಲ್ಲಿ, ಜೊತೆಗಾರರಿಗೂ ಹೇಳದೆ, ಹೆಂಡತಿಯ ಕೆಂಪು ಗೌನು ತೊಟ್ಟು, ನರಿಯ ತಲೆಯ ಮುಖವಾಡ ಹಾಕಿ ವೇದಿಕೆಗೆ ಬಂದರು. ಬ್ಯಾಂಡಿನವರು ಕಕ್ಕಾಬಿಕ್ಕಿ. ಆದರೆ ಪತ್ರಿಕೆಗಳಲ್ಲಿ ಫೋಟೊ ಬಂತು, ಕಾರ್ಯಕ್ರಮಗಳ ಸಂಭಾವನೆಯೂ ಏರಿತು.

ಹೆಸರು ಬಂತು, ದುಡ್ಡು ಬರಲಿಲ್ಲ. ವೇಷ, ದೀಪ, ಲಾರಿ, ಹತ್ತಾರು ಜನ ಕೆಲಸಗಾರರು, ಎಲ್ಲಕ್ಕೂ ಖರ್ಚು. 1974ರ ಕೊನೆಯಲ್ಲಿ ‘ದಿ ಲ್ಯಾಂಬ್ ಲೈಸ್ ಡೌನ್ ಆನ್ ಬ್ರಾಡ್‌ವೇ’ ಅನ್ನುವ ಎರಡು ರೆಕಾರ್ಡಿನ ಆಲ್ಬಮ್ ತಂದು, ಇಡೀ ಆಲ್ಬಮನ್ನು ನೂರಕ್ಕೂ ಹೆಚ್ಚು ಪ್ರದರ್ಶನಗಳಲ್ಲಿ ನುಡಿಸಿದರು. ಮುಗಿದಾಗ ಬ್ಯಾಂಡಿನ ತಲೆಯ ಮೇಲೆ ಸಾಲ.

ಅದೇ 1974ರಲ್ಲಿ ಗೇಬ್ರಿಯಲ್ ಅವರಿಗೆ ಮೊದಲ ಮಗು ಹುಟ್ಟಿತ್ತು. ಹೆರಿಗೆ ಕಷ್ಟವಾಗಿತ್ತು, ಕೂಸು ಉಳಿಯುವುದೇ ಅನುಮಾನ ಅನ್ನುವಂತಿತ್ತು. ಅಪ್ಪ ಆಸ್ಪತ್ರೆಗೂ ರೆಕಾರ್ಡಿಂಗಿಗೂ ಓಡಾಡುತ್ತಿದ್ದರು. ಜೊತೆಗಾರರಿಗೆ ಆಲ್ಬಮ್ ಮುಗಿಯುವ ಚಿಂತೆ. ಆಗ ತಾವು ಅರ್ಥ ಮಾಡಿಕೊಳ್ಳಲಿಲ್ಲ ಅಂತ ಅವರೇ ಆಮೇಲೆ ಒಪ್ಪಿದ್ದಾರೆ. ಇಪ್ಪತ್ತನಾಲ್ಕರ ಆಸುಪಾಸಿನ ಹುಡುಗರು. 1975ರಲ್ಲಿ ಗೇಬ್ರಿಯಲ್ ಬಿಟ್ಟರು.

ಪತ್ರಿಕೆಗಳು ಜೆನೆಸಿಸ್ ಮುಗಿಯಿತು ಅಂದವು. ಬ್ಯಾಂಡ್ ಹೊಸ ಹಾಡುಗಾರನಿಗಾಗಿ ಸಾಲು ಸಾಲು ಜನರನ್ನು ಪರೀಕ್ಷಿಸಿತು. ಬಂದವರಿಗೆಲ್ಲ ಹಾಡು ಕಲಿಸಿಕೊಡುತ್ತಿದ್ದವರು ಕಾಲಿನ್ಸ್. ಕಲಿಸುವವನೇ ಎಲ್ಲರಿಗಿಂತ ಚೆನ್ನಾಗಿ ಹಾಡುತ್ತಿದ್ದಾನೆ ಅನ್ನುವುದು ಗೊತ್ತಾಗಲು ಸ್ವಲ್ಪ ದಿನ ಹಿಡಿಯಿತು. ಡ್ರಮ್ಸ್ ಹಿಂದೆಯೇ ಇರಬೇಕು ಅಂತ ಇದ್ದ ಕಾಲಿನ್ಸ್‌ಗೂ ಮುಂದೆ ಬರುವ ಮನಸ್ಸು ಇರಲಿಲ್ಲ. 1976ರ ‘ಎ ಟ್ರಿಕ್ ಆಫ್ ದಿ ಟೇಲ್’ ಇವರೇ ಹಾಡಿದ ಆಲ್ಬಮ್. ಬ್ರಿಟನ್ನಿನ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಹೋಯಿತು. ಇಲ್ಲೊಂದು ವಿಷಯ ಗಮನಿಸಿ: ಹಾಡುಗಾರ ಬದಲಾದರೂ ಸಂಗೀತ ಬದಲಾಗಲಿಲ್ಲ. ಈ ಆಲ್ಬಮೂ ಅದೇ ವರ್ಷದ ಕೊನೆಗೆ ಬಂದ ಇನ್ನೊಂದೂ ಹಳೇ ದಾರಿಯವೇ. ಗೇಬ್ರಿಯಲ್ ಹೋಗಿದ್ದೇ ಕಾರಣವಾಗಿದ್ದರೆ ಆಗಲೇ ಗೊತ್ತಾಗಬೇಕಿತ್ತು.

1977ರಲ್ಲಿ ಹ್ಯಾಕೆಟ್ ಕೂಡ ಬಿಟ್ಟರು. ತಮ್ಮ ಹಾಡುಗಳಿಗೆ ಬ್ಯಾಂಡಿನಲ್ಲಿ ಜಾಗ ಸಿಗುತ್ತಿಲ್ಲ ಅನ್ನುವ ಬೇಸರ ಅವರದ್ದು. ಉಳಿದವರು ಮೂವರು. 1978ರ ಆಲ್ಬಮಿನ ಹೆಸರೇ ‘ಅಂಡ್ ದೆನ್ ದೇರ್ ವರ್ ತ್ರೀ’, ಅಂದರೆ ಕೊನೆಗೆ ಮೂವರೇ ಉಳಿದರು. ‘ಫಾಲೋ ಯು ಫಾಲೋ ಮಿ’ ಇದರಲ್ಲಿದೆ.

ಆ ಹಾಡು ಹುಟ್ಟಿದ್ದು ಕಾಲಿನ್ಸ್‌ರಿಂದಲ್ಲ, ರುದರ್‌ಫೋರ್ಡ್ ಗಿಟಾರಿನಲ್ಲಿ ನುಡಿಸಿದ ಒಂದು ಸಣ್ಣ ತುಣುಕಿನಿಂದ. ಮೂವರೂ ಕೂತು ಅದನ್ನು ಬೆಳೆಸಿದರು. ಸಾಹಿತ್ಯ ಬರೆದವರೂ ರುದರ್‌ಫೋರ್ಡ್, ಅದೂ ಹತ್ತು ನಿಮಿಷದಲ್ಲಿ. 1976ರ ಕೊನೆಯ ಆಲ್ಬಮಿನಲ್ಲಿದ್ದ ‘ಯುವರ್ ಓನ್ ಸ್ಪೆಷಲ್ ವೇ’ ಅನ್ನುವ ನಯವಾದ ಪ್ರೇಮಗೀತೆಯೂ ಇದೇ ರುದರ್‌ಫೋರ್ಡ್ ಕೈಯದ್ದು. ಹಾಗಾಗಿ ಬ್ಯಾಂಡಿಗೆ ನಯ ತಂದವರು ಯಾರು ಅಂತ ಕೇಳಿದರೆ ಮೊದಲು ಬೆರಳು ತೋರಿಸಬೇಕಾದ್ದು ಚಾರ್ಟರ್‌ಹೌಸ್ ಶಾಲೆಯ ಹಳೇ ವಿದ್ಯಾರ್ಥಿಯ ಕಡೆಗೆ, ಬ್ಯಾಂಡ್ ಕಟ್ಟಿದವರ ಕಡೆಗೆ.

‘ಫಾಲೋ ಯು ಫಾಲೋ ಮಿ’ ಬ್ರಿಟನ್ನಿನಲ್ಲಿ 7ನೇ ಸ್ಥಾನಕ್ಕೂ ಅಮೆರಿಕದಲ್ಲಿ 23ನೇ ಸ್ಥಾನಕ್ಕೂ ಏರಿತು. ರೇಡಿಯೊದವರು 23 ನಿಮಿಷದ ಹಾಡು ಹಾಕುವುದಿಲ್ಲ, ನಾಲ್ಕು ನಿಮಿಷದ್ದು ದಿನಕ್ಕೆ ಹತ್ತು ಸಲ ಹಾಕುತ್ತಾರೆ. ಗಂಡಸರೇ ತುಂಬಿರುತ್ತಿದ್ದ ಕಾರ್ಯಕ್ರಮಗಳಿಗೆ ಹೆಣ್ಣುಮಕ್ಕಳೂ ಬರತೊಡಗಿದರು. ಹೊರಗೆ ಕಾಲವೂ ಬದಲಾಗಿತ್ತು. 1976-77ರಲ್ಲಿ ಬಂದ ಪಂಕ್ ಸಂಗೀತದ ಹುಡುಗರಿಗೆ ಉದ್ದದ ಹಾಡು ಕಟ್ಟುವವರೆಂದರೆ ನಗೆಪಾಟಲು.

ಅಮೆರಿಕ ಕೈಗೆ ಸಿಗುತ್ತಿದೆ ಅಂತ 1978 ಪೂರ್ತಿ ಊರೂರು ಸುತ್ತಿದರು. ಮನೆಯಲ್ಲಿ ಕಾಲಿನ್ಸ್ ಸಂಸಾರ ಮುರಿಯುತ್ತಿತ್ತು. ಉಳಿಸಿಕೊಳ್ಳಲು ಅವರು ಕೆನಡಾದ ವ್ಯಾಂಕೂವರ್‌ಗೆ ಹೋದರು, ಉಳಿಯಲಿಲ್ಲ. ಖಾಲಿ ಮನೆಗೆ ವಾಪಸ್ ಬಂದು ಪಿಯಾನೊ ಮತ್ತು ಡ್ರಮ್ ಮಷಿನ್ ಇಟ್ಟುಕೊಂಡು ಒಬ್ಬರೇ ಹಾಡು ಮಾಡತೊಡಗಿದರು. ಅಲ್ಲಿಯವರೆಗೆ ಹೆಚ್ಚಾಗಿ ಬೇರೆಯವರು ಬರೆದದ್ದನ್ನು ಹಾಡುತ್ತಿದ್ದವರು ಅವರು. ಈ ಸಲ ಬರೆದದ್ದರಲ್ಲಿ ಪುರಾಣವಿಲ್ಲ, ನರಿಯಿಲ್ಲ. ಹೆಂಡತಿ ಮಕ್ಕಳು ಬಿಟ್ಟುಹೋದ ಗಂಡಸಿನ ನೇರ ಮಾತು. ಅದರಲ್ಲಿ ಎರಡು ಹಾಡು 1980ರ ‘ಡ್ಯೂಕ್’ ಆಲ್ಬಮಿಗೆ ಬಂದವು. ಉಳಿದವುಗಳಲ್ಲಿ ಹೆಚ್ಚಿನವು 1981ರ ಅವರ ಸ್ವಂತ ಆಲ್ಬಮ್ ‘ಫೇಸ್ ವ್ಯಾಲ್ಯೂ’ ಆದವು. ಆ ಸ್ವಂತ ಆಲ್ಬಮಿನ ಯಶಸ್ಸು ನೋಡಿಯೇ ಜನ ಜೆನೆಸಿಸ್ ಕೂಡ ಇವರದ್ದೇ ಕೈವಾಡ ಅಂದುಕೊಂಡದ್ದು.

ನನಗೆ ‘ಡ್ಯೂಕ್’ ಇಷ್ಟ, ಯಾಕೆಂದರೆ ತಿರುವು ನಡೆಯುತ್ತಿರುವುದು ಅದರಲ್ಲಿ ಕಾಣುತ್ತದೆ. ಮೂವರೂ ಸೇರಿ ಸುಮಾರು ಅರ್ಧ ಗಂಟೆಯ ಒಂದೇ ಉದ್ದ ಕೃತಿ ಕಟ್ಟಿದ್ದರು. ಹಾಗೇ ಬಿಟ್ಟರೆ ಎಲ್ಲರೂ ‘ಸಪ್ಪರ್ಸ್ ರೆಡಿ’ ಜೊತೆ ಹೋಲಿಸುತ್ತಾರೆ ಅಂತ ಅದನ್ನು ತುಂಡು ಮಾಡಿ ಆಲ್ಬಮಿನ ತುಂಬ ಹರಡಿದರು. ಅದರ ಒಂದು ತುಂಡು ‘ಟರ್ನ್ ಇಟ್ ಆನ್ ಅಗೇನ್’. ಬ್ರಿಟನ್ನಿನಲ್ಲಿ 8ನೇ ಸ್ಥಾನಕ್ಕೆ ಹೋದ ಹಿಟ್ ಹಾಡು. ಕೇಳುವಾಗ ಚಪ್ಪಾಳೆ ತಟ್ಟಿ ನೋಡಿ, ತಪ್ಪುತ್ತೀರಿ. ಅದರ ತಾಳ 13 ಎಣಿಕೆಯದು! ಹಳೇ ವಿದ್ಯೆ ಎಲ್ಲೂ ಹೋಗಿರಲಿಲ್ಲ, ಮೇಲೆ ಕಾಣದ ಹಾಗೆ ಒಳಗೆ ಕೂತಿತ್ತು. ‘ಡ್ಯೂಕ್’ ಬ್ರಿಟನ್ನಿನಲ್ಲಿ ಅವರ ಮೊದಲ ನಂಬರ್ 1 ಆಲ್ಬಮ್.

ಆ ವರ್ಷದ ಕೊನೆಗೆ ಸರ್ರೆಯ ಚಿಡಿಂಗ್‌ಫೋಲ್ಡ್ ಹಳ್ಳಿಯ ಹತ್ತಿರ ಒಂದು ತೋಟದ ಮನೆ ಕೊಂಡು, ಪಕ್ಕದ ದನದ ಕೊಟ್ಟಿಗೆಯನ್ನೇ ಸ್ಟುಡಿಯೊ ಮಾಡಿಕೊಂಡರು. ಗಂಟೆಗಿಷ್ಟು ಅಂತ ಬಾಡಿಗೆ ಕೊಡುವ ಚಿಂತೆ ತಪ್ಪಿತು. ಬರೆದುಕೊಂಡು ಬಂದ ಹಾಡುಗಳನ್ನು ಬಿಟ್ಟು, ಮೂವರೂ ಕೂತು ನುಡಿಸುತ್ತಾ ಅಲ್ಲೇ ಹುಟ್ಟಿದ್ದನ್ನು ಹಾಡು ಮಾಡುವ ಪದ್ಧತಿ ಗಟ್ಟಿಯಾಯಿತು. ಹಾಗೆ ಹುಟ್ಟಿದ್ದು ಚಿಕ್ಕದಾಗಿಯೇ ಇರುತ್ತಿತ್ತು. 1981ರಲ್ಲಿ ಬಂದ ‘ಅಬಕ್ಯಾಬ್’ ಹಾಡುಗಳನ್ನು ನೆದರ್‌ಲ್ಯಾಂಡ್ಸ್‌ನ ಲೈಡನ್ ನಗರದಲ್ಲಿ ನುಡಿಸಿದಾಗ ಜನ ಕೂಗಿ ಗೇಲಿ ಮಾಡಿದರು. ಹಳೆಯದನ್ನು ನಂಬಿ ಟಿಕೆಟ್ ಕೊಂಡವರ ಸಿಟ್ಟು ಸುಳ್ಳಲ್ಲ. ಆದರೆ ಬ್ಯಾಂಡ್ ಅವರಿಗೆ ಬರೆದುಕೊಟ್ಟ ಆಸ್ತಿಯೇನೂ ಅಲ್ಲ.

ಮರುವರ್ಷ ಗೇಬ್ರಿಯಲ್ ದೇಶದೇಶಗಳ ಸಂಗೀತಗಾರರನ್ನು ಕರೆಸಿ ‘ವೋಮಾಡ್’ ಅನ್ನುವ ಉತ್ಸವ ಮಾಡಿ ದೊಡ್ಡ ಸಾಲಕ್ಕೆ ಸಿಕ್ಕಿಕೊಂಡರು. ಹಳೇ ಜೊತೆಗಾರರು ಬಂದು ನಿಂತರು. 1982ರ ಅಕ್ಟೋಬರ್ 2ರಂದು ಮಿಲ್ಟನ್ ಕೀನ್ಸ್‌ನಲ್ಲಿ, ಸುರಿಯುವ ಮಳೆಯಲ್ಲಿ ಎಲ್ಲರೂ ಸೇರಿ ಹಳೇ ಹಾಡುಗಳನ್ನು ನುಡಿಸಿದರು. ಗೇಬ್ರಿಯಲ್ ವೇದಿಕೆಗೆ ಬಂದದ್ದು ಶವಪೆಟ್ಟಿಗೆಯೊಳಗಿಂದ. ಕೊನೆಯ ಹಾಡುಗಳಿಗೆ ಹ್ಯಾಕೆಟ್ ಕೂಡ ಸೇರಿಕೊಂಡರು. ಹಣ ಸಾಲಕ್ಕೆ ಹೋಯಿತು. ‘ಕೆಡಿಸಿದವರು’ ಮತ್ತು ‘ಕೆಡದವರು’ ಅಂತ ಅಭಿಮಾನಿಗಳು ಗೆರೆ ಎಳೆದುಕೊಂಡಿದ್ದರು, ಇವರ ನಡುವೆ ಆ ಗೆರೆ ಇರಲಿಲ್ಲ.

1986ರ ‘ಇನ್‌ವಿಸಿಬಲ್ ಟಚ್’ ಆಲ್ಬಮಿನ ಐದು ಹಾಡುಗಳು ಅಮೆರಿಕದ ಮೊದಲ ಐದರೊಳಗೆ ಬಂದವು. ಅವುಗಳಲ್ಲಿ ‘ಇನ್ ಟೂ ಡೀಪ್’, ‘ಥ್ರೋಯಿಂಗ್ ಇಟ್ ಆಲ್ ಅವೇ’ ಬೆಣ್ಣೆಯಂತೆ ಮೆತ್ತಗಿನ ಹಾಡುಗಳು. ಅದೇ ಆಲ್ಬಮಿನಲ್ಲಿ ಹತ್ತು ನಿಮಿಷ ದಾಟುವ ‘ಡಾಮಿನೊ’ ಕೂಡ ಇದೆ, ಅದನ್ನು ಬೈಯುವವರು ಕೇಳಿರುವುದಿಲ್ಲ. ಶೀರ್ಷಿಕೆ ಹಾಡು ಆ ಜುಲೈನಲ್ಲಿ ಅಮೆರಿಕದಲ್ಲಿ ನಂಬರ್ 1 ಆಯಿತು. ಮರುವಾರ ಅದನ್ನು ಕೆಳಗಿಳಿಸಿದ್ದು ‘ಸ್ಲೆಡ್ಜ್‌ಹ್ಯಾಮರ್’, ಗೇಬ್ರಿಯಲ್ ಅವರದೇ ಪಾಪ್ ಹಾಡು. ನರಿ ಮುಖವಾಡದ ಮನುಷ್ಯನೂ ಜನ ಕುಣಿಯುವ ಹಾಡಿಗೆ ಬಂದಿದ್ದರು! ರುದರ್‌ಫೋರ್ಡ್ ತಮ್ಮ ಇನ್ನೊಂದು ತಂಡ ಮೈಕ್ ಅಂಡ್ ದಿ ಮೆಕ್ಯಾನಿಕ್ಸ್ ಕಟ್ಟಿಕೊಂಡು, ತೀರಿಹೋದ ಅಪ್ಪನಿಗೆ ಹೇಳದೇ ಉಳಿದ ಮಾತುಗಳ ಬಗ್ಗೆ ‘ದಿ ಲಿವಿಂಗ್ ಇಯರ್ಸ್’ ಮಾಡಿ 1989ರಲ್ಲಿ ನಂಬರ್ 1 ಆದರು. ಅದರಲ್ಲಿ ಕಾಲಿನ್ಸ್ ಕೈ ಇರಲೇ ಇಲ್ಲ.

ಕೊನೆಯ ಕಾರ್ಯಕ್ರಮ ನಡೆದದ್ದು 2022ರ ಮಾರ್ಚ್ 26ರಂದು, ಲಂಡನ್ನಿನಲ್ಲಿ. ಕಾಲಿನ್ಸ್‌ಗೆ ನಿಲ್ಲಲು, ಡ್ರಮ್ಸ್ ಬಾರಿಸಲು ಆಗುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತು ಹಾಡಿದರು. ಹಿಂದೆ ಅವರ ಜಾಗದಲ್ಲಿ ಡ್ರಮ್ಸ್ ಬಾರಿಸುತ್ತಿದ್ದವರು ಮಗ ನಿಕ್. ಗೇಬ್ರಿಯಲ್ ಬಂದಿದ್ದರು, ಆದರೆ ವೇದಿಕೆ ಹತ್ತಲಿಲ್ಲ, ಪ್ರೇಕ್ಷಕರ ಜೊತೆ ಇದ್ದರು. ಬ್ಯಾಂಡ್ ಕೊನೆಯದಾಗಿ ನುಡಿಸಿದ ಹಾಡು ‘ದಿ ಕಾರ್ಪೆಟ್ ಕ್ರಾಲರ್ಸ್’. ಅದು 1974ರ ಆಲ್ಬಮಿನದು, ಮಗು ಆಸ್ಪತ್ರೆಯಲ್ಲಿದ್ದ ವರ್ಷದ್ದು.