ಸ್ಪೀಡ್‌ವೇ ವಿಶ್ವಕಪ್

ಸ್ಪೀಡ್‌ವೇ ವಿಶ್ವಕಪ್ ಎಂಬುದು ಮಣ್ಣಿನ ಅಂಡಾಕಾರದ ಪಥದಲ್ಲಿ ನಡೆಯುವ ಮೋಟಾರ್‌ಸೈಕಲ್ ಓಟದ ಅಂತಾರಾಷ್ಟ್ರೀಯ ತಂಡ ಸ್ಪರ್ಧೆ. ಎಫ್.ಐ.ಎಂ. ಎಂದು ಹೆಸರಾದ ಅಂತಾರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟದ ಆಶ್ರಯದಲ್ಲಿ ರಾಷ್ಟ್ರೀಯ ತಂಡಗಳು ಇದರಲ್ಲಿ ಸೆಣಸುತ್ತವೆ. 1960ರಿಂದ 2000ದವರೆಗೆ ವಿಶ್ವ ತಂಡ ಕಪ್ ಮೊದಲಾದ ಹೆಸರುಗಳಲ್ಲಿ ನಡೆದ ಸ್ಪರ್ಧೆಯೇ 2001ರಲ್ಲಿ ಈಗಿನ ಹೆಸರನ್ನು ಪಡೆಯಿತು. ವಿಜೇತ ತಂಡಕ್ಕೆ ನೀಡುವ ಪಾರಿತೋಷಕಕ್ಕೆ ಐದು ಬಾರಿ ವೈಯಕ್ತಿಕ ವಿಶ್ವ ಚಾಂಪಿಯನ್ ಆಗಿದ್ದ ಸ್ವೀಡನ್ನಿನ ಓವೆ ಫುಂಡಿನ್ ಅವರ ಹೆಸರನ್ನು ಇಡಲಾಗಿದೆ.

ಓಟದ ಸ್ವರೂಪ

ಸ್ಪೀಡ್‌ವೇ ಬೈಕಿಗೆ ಬ್ರೇಕ್ ಇರುವುದಿಲ್ಲ, ಗೇರ್ ಒಂದೇ. 500 ಸಿ.ಸಿ. ಸಾಮರ್ಥ್ಯದ ಏಕ ಸಿಲಿಂಡರಿನ ಎಂಜಿನ್ ಪೆಟ್ರೋಲಿನ ಬದಲು ಮೆಥನಾಲ್‌ನಿಂದ ಓಡುತ್ತದೆ. ತಿರುವಿನಲ್ಲಿ ಸವಾರನು ಹಿಂದಿನ ಚಕ್ರವನ್ನು ಬೇಕೆಂದೇ ಹೊರಕ್ಕೆ ಜಾರಿಸಿ, ಮುಂದಿನ ಚಕ್ರವನ್ನು ಎದುರು ದಿಕ್ಕಿಗೆ ತಿರುಗಿಸಿ, ಎಡಗಾಲನ್ನು ನೆಲಕ್ಕೆ ತಾಗಿಸುತ್ತ ಸಾಗುತ್ತಾನೆ. ಆ ಜಾರುವಿಕೆಯೇ ಅವನಿಗೆ ವೇಗ ನಿಯಂತ್ರಣದ ಸಾಧನ. ಒಂದು ಓಟದಲ್ಲಿ ನಾಲ್ವರು ಸವಾರರು, ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ನಾಲ್ಕು ಸುತ್ತುಗಳು. ಒಂದು ನಿಮಿಷದ ಆಸುಪಾಸಿನಲ್ಲಿ ಎಲ್ಲವೂ ಮುಗಿಯುತ್ತದೆ.

ಹಿಂದೆ ಪಥಕ್ಕೆ ಕುಲುಮೆಯ ಕಿಟ್ಟವನ್ನು ಹಾಸುತ್ತಿದ್ದರು. ಪೋಲಿಷ್ ಭಾಷೆಯಲ್ಲಿ ಈ ಕ್ರೀಡೆಯ ಹೆಸರಾದ 'ಜುಜೆಲ್' ಎಂಬ ಪದದ ಅರ್ಥವೂ ಕಿಟ್ಟವೆಂದೇ. ಈಗ ಕಲ್ಲಿನ ಪುಡಿ, ಇಟ್ಟಿಗೆ ಪುಡಿ ಮುಂತಾದ ಸಡಿಲ ವಸ್ತುಗಳನ್ನು ಹರಡುತ್ತಾರೆ. ಬೀದರ ಜಿಲ್ಲೆಯ ಓದುಗರಿಗೆ ಇದನ್ನು ಸುಲಭವಾಗಿ ಹೀಗೆ ಹೇಳಬಹುದು: ಬೀದರ ನಗರದ ಸುತ್ತಲಿನ ಜಂಬಿಟ್ಟಿಗೆಯ ಕೆಂಪು ಪುಡಿಯ ಮೇಲೆ ಚಕ್ರ ಜಾರುತ್ತದೆ; ಭಾಲ್ಕಿ, ಔರಾದ ಕಡೆಯ ಎರೆಮಣ್ಣು ನೆನೆದರೆ ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಸ್ಪೀಡ್‌ವೇಗೆ ಬೇಕಾದುದು ಮೊದಲನೆಯ ಗುಣ. ಮಳೆ ಬಂದು ಪಥ ಕೆಸರಾದರೆ ಪಂದ್ಯವನ್ನು ಮುಂದೂಡುವುದಕ್ಕೂ ಇದೇ ಕಾರಣ.

ತಂಡದ ಲೆಕ್ಕಾಚಾರ

ವಿಶ್ವಕಪ್ ಪಂದ್ಯದಲ್ಲಿ ನಾಲ್ಕು ರಾಷ್ಟ್ರಗಳಿರುತ್ತವೆ. ಪ್ರತಿ ಓಟಕ್ಕೂ ಪ್ರತಿ ತಂಡದಿಂದ ಒಬ್ಬ ಸವಾರ ಇಳಿಯುತ್ತಾನೆ. ಕೆಂಪು, ನೀಲಿ, ಬಿಳಿ, ಹಳದಿ ಹೆಲ್ಮೆಟ್ ಬಣ್ಣಗಳಿಂದ ತಂಡಗಳನ್ನು ಗುರುತಿಸುತ್ತಾರೆ. ಮೊದಲ ಮೂವರಿಗೆ ಕ್ರಮವಾಗಿ 3, 2, 1 ಅಂಕಗಳು ದೊರೆತರೆ, ಕೊನೆಯವನಿಗೆ ಸೊನ್ನೆ. ಇಂತಹ ಇಪ್ಪತ್ತು ಅಥವಾ ಅದಕ್ಕೂ ಹೆಚ್ಚು ಓಟಗಳ ಮೊತ್ತದಿಂದ ಫಲಿತಾಂಶ ನಿರ್ಣಯವಾಗುವುದರಿಂದ ಒಬ್ಬ ಮಹಾನ್ ಸವಾರನಿಂದ ಕಪ್ ಗೆಲ್ಲಲಾಗದು. ನಾಲ್ಕನೆಯ, ಐದನೆಯ ಸವಾರನೂ ಗಟ್ಟಿಯಾಗಿರಬೇಕು. ಹಿಂದುಳಿದ ತಂಡವು ಒಂದು ಓಟದಲ್ಲಿ ಇಮ್ಮಡಿ ಅಂಕ ಪಡೆಯಲು 'ಜೋಕರ್' ಸವಾರನನ್ನು ಇಳಿಸುವ ಅವಕಾಶವನ್ನೂ ಬಹುಕಾಲ ನೀಡಲಾಗಿತ್ತು.

ಇತಿಹಾಸ

ಈ ಕ್ರೀಡೆಯ ಮೂಲವನ್ನು ಸಾಮಾನ್ಯವಾಗಿ 1923ರಲ್ಲಿ ಆಸ್ಟ್ರೇಲಿಯಾದ ವೆಸ್ಟ್ ಮೇಟ್‌ಲ್ಯಾಂಡ್‌ನಲ್ಲಿ ನಡೆದ ಓಟಗಳಲ್ಲಿ ಗುರುತಿಸುತ್ತಾರೆ. 1928ರಲ್ಲಿ ಅದು ಇಂಗ್ಲೆಂಡಿನಲ್ಲಿ ಬೇರೂರಿತು. ಮೊದಲ ವಿಶ್ವ ತಂಡ ಕಪ್ಪನ್ನು 1960ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಸ್ವೀಡನ್ ಗೆದ್ದರೆ, ಮರುವರ್ಷ ವ್ರೊತ್ಸ್ವಾಫ್‌ನಲ್ಲಿ ಪೋಲೆಂಡ್ ಗೆದ್ದಿತು. 1979ರಲ್ಲಿ ಆರು ಬಾರಿಯ ವಿಶ್ವ ಚಾಂಪಿಯನ್ ಐವನ್ ಮಾಗರ್ ಅವರಿದ್ದ ನ್ಯೂಜಿಲೆಂಡ್ ವಿಜಯಿಯಾಯಿತು. 1983ರಿಂದ 1988ರವರೆಗೆ ಸತತ ಆರು ವರ್ಷ ಡೆನ್ಮಾರ್ಕ್ ಬೇರಾರಿಗೂ ಕಪ್ಪನ್ನು ಬಿಟ್ಟುಕೊಡಲಿಲ್ಲ.

2001 ಮತ್ತು 2002ರ ವಿಶ್ವಕಪ್‌ಗಳು ಆಸ್ಟ್ರೇಲಿಯಾಕ್ಕೂ, 2003, 2004ರವು ಸ್ವೀಡನ್ನಿಗೂ ಸಂದವು. ಅನಂತರದ ಕಾಲ ಪೋಲೆಂಡಿನದು. 2005ರಿಂದ 2017ರೊಳಗೆ ಅದು ಎಂಟು ಬಾರಿ ಗೆದ್ದಿತು. ಉಳಿದವುಗಳಲ್ಲಿ ನಾಲ್ಕು ಡೆನ್ಮಾರ್ಕಿಗೆ, 2015ರದು ಸ್ವೀಡನ್ನಿಗೆ. ಪೋಲೆಂಡಿನಲ್ಲಿ ಸ್ಪೀಡ್‌ವೇ ಜನಪ್ರಿಯ ಕ್ರೀಡೆ. ಲೆಷ್ನೊದಂತಹ ಚಿಕ್ಕ ನಗರವೂ ವಿಶ್ವಕಪ್ ಫೈನಲ್‌ಗೆ ಆತಿಥ್ಯ ನೀಡಿದೆ. ಐವರು ಉತ್ತಮ ಸವಾರರನ್ನು ಹೊಂದಿಸಿಕೊಳ್ಳುವುದು ಬೇರೆ ರಾಷ್ಟ್ರಗಳಿಗೆ ಕಷ್ಟವಾದಷ್ಟು ಅದಕ್ಕೆ ಆಗಲಿಲ್ಲ.

ಜೋಡಿ ಪದ್ಧತಿ

2018ರಲ್ಲಿ ವಿಶ್ವಕಪ್ಪಿನ ಸ್ಥಾನಕ್ಕೆ 'ಸ್ಪೀಡ್‌ವೇ ಆಫ್ ನೇಷನ್ಸ್' ಬಂದಿತು. ಇದರಲ್ಲಿ ಒಂದು ಓಟಕ್ಕೆ ಎರಡು ರಾಷ್ಟ್ರಗಳಿಂದ ಇಬ್ಬಿಬ್ಬರು ಇಳಿಯುತ್ತಾರೆ. ಇಬ್ಬರೇ ಸಮರ್ಥ ಸವಾರರಿರುವ ದೇಶಕ್ಕೂ ಇದರಿಂದ ಬಾಗಿಲು ತೆರೆಯಿತು. ಆದರೆ ಕೊನೆಯ ಒಂದು ಓಟವೇ ಚಿನ್ನದ ಪದಕವನ್ನು ನಿರ್ಧರಿಸುವ ನಿಯಮವು ವಿವಾದಕ್ಕೂ ಎಡೆಗೊಟ್ಟಿತು. 2018ರಲ್ಲಿ ಅತಿ ಹೆಚ್ಚು ಅಂಕ ಗಳಿಸಿದ್ದ ಬ್ರಿಟನ್ ಆ ಓಟದಲ್ಲಿ ರಷ್ಯಾಕ್ಕೆ ಸೋತಿತು. 2018, 2019, 2020 ಮೂರೂ ವರ್ಷ ರಷ್ಯಾವೇ ಗೆದ್ದಿತು.

ಮುಂದೆ 4, 3, 2, 0 ಎಂಬ ಅಂಕ ಪದ್ಧತಿ ಜಾರಿಗೆ ಬಂದಿತು. ಇದರ ಮರ್ಮ ಸ್ವಾರಸ್ಯಕರ: ಎರಡನೆಯ ಮತ್ತು ಮೂರನೆಯ ಸ್ಥಾನ ಪಡೆದ ಜೋಡಿಗೆ ಐದು ಅಂಕ, ಮೊದಲ ಮತ್ತು ಕೊನೆಯ ಸ್ಥಾನ ಪಡೆದ ಜೋಡಿಗೆ ನಾಲ್ಕೇ. 2021ರಲ್ಲಿ ಮ್ಯಾಂಚೆಸ್ಟರ್‌ನ ಅಂತಿಮ ಓಟದಲ್ಲಿ ಪೋಲೆಂಡಿನ ಬಾರ್ತೋಷ್ ಜ್ಮಾರ್ಜ್ಲಿಕ್ ಎಲ್ಲರಿಗಿಂತ ಮುಂದೆ ಗುರಿ ಮುಟ್ಟಿದರು. ಅವರ ಜೊತೆಗಾರ ಕೊನೆಯವರಾದರು. ನಡುವೆ ಬಂದ ಡ್ಯಾನ್ ಬ್ಯೂಲಿ ಮತ್ತು ರಾಬರ್ಟ್ ಲ್ಯಾಂಬರ್ಟ್ ಬ್ರಿಟನ್ನಿಗೆ ಕಪ್ ತಂದರು. 1989ರ ಬಳಿಕ ಆ ದೇಶಕ್ಕೆ ದೊರೆತ ಮೊದಲ ವಿಶ್ವ ತಂಡ ಪ್ರಶಸ್ತಿ ಅದು. ಓಟವನ್ನು ಗೆದ್ದವನು ಪ್ರಶಸ್ತಿಯನ್ನು ಸೋತ ಇಂತಹ ಉದಾಹರಣೆ ಬೇರೆ ಕ್ರೀಡೆಗಳಲ್ಲಿ ವಿರಳ.

ಉಕ್ರೇನಿನ ಮೇಲಿನ ಆಕ್ರಮಣದ ನಂತರ 2022ರಲ್ಲಿ ರಷ್ಯಾದ ಸವಾರರನ್ನು ಸ್ಪರ್ಧೆಗಳಿಂದ ಹೊರಗಿಡಲಾಯಿತು. ಆ ವರ್ಷ ವೊಯೆನ್ಸ್‌ನಲ್ಲಿ ಆಸ್ಟ್ರೇಲಿಯಾ ಗೆದ್ದಿತು. 2023ರಲ್ಲಿ ಹಳೆಯ ಸ್ವರೂಪದ ವಿಶ್ವಕಪ್ ವ್ರೊತ್ಸ್ವಾಫ್‌ನಲ್ಲಿ ಮರಳಿ ನಡೆದು ಪೋಲೆಂಡಿನ ಪಾಲಾಯಿತು, ಬ್ರಿಟನ್ ಎರಡನೆಯದಾಯಿತು. 2024ರಲ್ಲಿ ಮತ್ತೆ ನೇಷನ್ಸ್ ಸ್ಪರ್ಧೆ ನಡೆದು ಬ್ರಿಟನ್ ಗೆದ್ದಿತು.

ಭಾರತ ಮತ್ತು ಕರ್ನಾಟಕ

ವಿಜೇತರ ಪಟ್ಟಿಯಲ್ಲಿ ಏಷ್ಯಾ ಖಂಡದ ದೇಶಗಳಾವುವೂ ಇಲ್ಲ. ಭಾರತದ ಮೋಟಾರು ಕ್ರೀಡಾ ಒಕ್ಕೂಟವು ಎಫ್.ಐ.ಎಂ. ಸದಸ್ಯತ್ವ ಹೊಂದಿದ್ದರೂ, ಕನ್ನಡ ನಾಡಿನ ಸವಾರರು ಅಂತಾರಾಷ್ಟ್ರೀಯ ಹೆಸರು ಗಳಿಸಿರುವುದು ದೂರದ ರ್‍ಯಾಲಿಗಳಲ್ಲಿ. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಾಕರ್ ರ್‍ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರಾದರು. ಅದೇ ನಗರದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್.ಐ.ಎಂ. ಬಾಹಾಸ್ ವಿಶ್ವಕಪ್ಪಿನ ಮಹಿಳಾ ವಿಭಾಗದಲ್ಲಿ ಪ್ರಶಸ್ತಿ ಪಡೆದರು. ಇವೆರಡೂ ಮರುಭೂಮಿ ಮತ್ತು ಕಚ್ಚಾದಾರಿಯ ಸ್ಪರ್ಧೆಗಳು. ಅಲ್ಲಿನ ಬೈಕುಗಳಿಗೆ ಬ್ರೇಕ್ ಉಂಟು, ಗೇರುಗಳೂ ಉಂಟು.