ಲ್ಯಾಪ್‌ಟಾಪ್ ಪದೇ ಪದೇ ಸ್ಥಗಿತಗೊಳ್ಳುವುದು: ಕಾರಣ ಪತ್ತೆ ಮತ್ತು ಪರಿಹಾರ ಕುರಿತು ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಆದಾಯ ಮತ್ತು ಜಾತಿ ಪ್ರಮಾಣ ಪತ್ರ, ವಿದ್ಯಾರ್ಥಿ ವೇತನ, ಪಿಂಚಣಿ ಮುಂತಾದ ಸೇವೆಗಳಿಗೆ ಮನೆಯಿಂದಲೇ ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸುವ ನಾಗರಿಕರ ಲ್ಯಾಪ್‌ಟಾಪ್‌ಗಳು ಅರ್ಜಿ ಭರ್ತಿ ಮಾಡುವ ನಡುವೆಯೇ ಸ್ಥಗಿತಗೊಳ್ಳುವುದುಂಟು. ಇದು ಒಮ್ಮೆ ಸಂಭವಿಸಿದಲ್ಲಿ ಆತಂಕಪಡುವ ಅಗತ್ಯವಿಲ್ಲ. ಒಂದೇ ವಾರದಲ್ಲಿ ಎರಡು ಅಥವಾ ಮೂರು ಬಾರಿ ಸಂಭವಿಸಿದಲ್ಲಿ ಯಂತ್ರದಲ್ಲಿ ನಿರ್ದಿಷ್ಟ ದೋಷವಿದೆ ಎಂದು ತಿಳಿಯತಕ್ಕದ್ದು. ದೋಷದ ಕಾರಣ ತಿಳಿಯದೆ ಅವಸರದಲ್ಲಿ ಕೈಗೊಳ್ಳುವ ಕ್ರಮಗಳಿಂದ, ವಿಶೇಷವಾಗಿ ಯಂತ್ರವನ್ನು ಸಂಪೂರ್ಣವಾಗಿ ಅಳಿಸಿ ಹೊಸದಾಗಿ ಸಿದ್ಧಪಡಿಸುವುದರಿಂದ, ಅಂಕಪಟ್ಟಿ, ಭಾವಚಿತ್ರ, ಪಹಣಿ ಪ್ರತಿ ಮುಂತಾದ ಕಡತಗಳು ಶಾಶ್ವತವಾಗಿ ನಷ್ಟವಾಗುವ ಸಂಭವವಿರುತ್ತದೆ.

ಆದುದರಿಂದ ಅರ್ಜಿದಾರರು ಮೂರು ನಿಯಮಗಳನ್ನು ಪಾಲಿಸುವುದು ಸೂಕ್ತ. ಮೊದಲು ಕಡತಗಳನ್ನು ರಕ್ಷಿಸುವುದು. ನಂತರ ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ ಕಾರಣವನ್ನು ಪತ್ತೆಹಚ್ಚುವುದು. ಅಳಿಸುವ ಕ್ರಮವನ್ನು ಕಟ್ಟಕಡೆಗೆ ಇಟ್ಟುಕೊಳ್ಳುವುದು. ಇಲ್ಲಿನ ವಿವರಗಳು ಮುಖ್ಯವಾಗಿ ವಿಂಡೋಸ್ 10 ಮತ್ತು 11 ಆವೃತ್ತಿಯ ಯಂತ್ರಗಳಿಗೆ ಅನ್ವಯಿಸುತ್ತವೆ. ಉಷ್ಣತೆ, ವಿದ್ಯುತ್, ಮೆಮೊರಿ ಮತ್ತು ಡಿಸ್ಕ್ ಕುರಿತ ಅಂಶಗಳು ಇತರೆ ಯಂತ್ರಗಳಿಗೂ ಸಮಾನವಾಗಿ ಅನ್ವಯಿಸುತ್ತವೆ.

2. ಮೊದಲನೆಯ ಕ್ರಮ: ಕಡತಗಳ ರಕ್ಷಣೆ

(ಅ) ಯಂತ್ರವು ಅಲ್ಪಕಾಲವಾದರೂ ಚಾಲನೆಯಲ್ಲಿರುವಾಗ, ಅಗತ್ಯ ಕಡತಗಳನ್ನು ಪೆನ್‌ಡ್ರೈವ್ ಅಥವಾ ಹೊರಗಿನ ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿಕೊಳ್ಳುವುದು. ಮೊದಲು ಸೇವೆಗೆ ಸಂಬಂಧಿಸಿದ ದಾಖಲೆಗಳು, ನಂತರ ಭಾವಚಿತ್ರಗಳು, ಕಡೆಗೆ ಉಳಿದವು ಎಂಬ ಕ್ರಮವನ್ನು ಅನುಸರಿಸುವುದು.

(ಆ) ಹಾರ್ಡ್ ಡಿಸ್ಕ್‌ನಿಂದ ಟಿಕ್ ಟಿಕ್ ಶಬ್ದ ಕೇಳಿಬಂದಲ್ಲಿ ಅಥವಾ ಕಡತಗಳು ತೆರೆದುಕೊಳ್ಳಲು ಅಸಹಜ ವಿಳಂಬವಾಗುತ್ತಿದ್ದಲ್ಲಿ, ನಕಲು ಪೂರ್ಣಗೊಳ್ಳುವವರೆಗೆ ಡಿಸ್ಕ್ ದುರಸ್ತಿ ತಂತ್ರಾಂಶಗಳನ್ನು ಚಲಾಯಿಸಬಾರದು. ಇಂತಹ ಪರೀಕ್ಷೆಗಳು ಡಿಸ್ಕ್‌ನ ಪ್ರತಿಯೊಂದು ಭಾಗವನ್ನೂ ಓದುವುದರಿಂದ, ಕೊನೆಯ ಹಂತದಲ್ಲಿರುವ ಡಿಸ್ಕ್ ಪರೀಕ್ಷೆಯ ನಡುವೆಯೇ ಸಂಪೂರ್ಣ ವಿಫಲವಾಗಬಹುದು.

(ಇ) ಯಂತ್ರವು ಆರಂಭವೇ ಆಗದಿದ್ದಲ್ಲಿ, ಬೇರೊಂದು ಗಣಕಯಂತ್ರದಲ್ಲಿ ಉಬುಂಟು ಮುಂತಾದ ಉಚಿತ ಲಿನಕ್ಸ್ ವ್ಯವಸ್ಥೆಯ ಪೆನ್‌ಡ್ರೈವ್ ಸಿದ್ಧಪಡಿಸಿ, ಅದರಿಂದ ಯಂತ್ರವನ್ನು ಆರಂಭಿಸಿ ಕಡತಗಳನ್ನು ಹೊರತೆಗೆಯಬಹುದಾಗಿದೆ. ಈ ವೇಳೆ ಅನುಸ್ಥಾಪನೆಯ ಆಯ್ಕೆಯನ್ನು ಒತ್ತದೆ, ಪರೀಕ್ಷಾರ್ಥ ಬಳಕೆಯ ಆಯ್ಕೆಯನ್ನು ಮಾತ್ರ ಒತ್ತತಕ್ಕದ್ದು.

(ಈ) ಇತ್ತೀಚಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಗೂಢಲಿಪೀಕರಣವು ತಾನಾಗಿಯೇ ಜಾರಿಯಲ್ಲಿರುತ್ತದೆ. ಇದಕ್ಕೆ ಬಿಟ್‌ಲಾಕರ್ ವ್ಯವಸ್ಥೆಯ 48 ಅಂಕಿಗಳ ರಿಕವರಿ ಕೀ ಇರುತ್ತದೆ. ಸಾಮಾನ್ಯವಾಗಿ ಇದು ಬಳಕೆದಾರರ ಮೈಕ್ರೋಸಾಫ್ಟ್ ಖಾತೆಯಲ್ಲಿ ಲಭ್ಯವಿರುತ್ತದೆ. ಯಂತ್ರ ಸುಸ್ಥಿತಿಯಲ್ಲಿರುವಾಗಲೇ ಸದರಿ ಸಂಖ್ಯೆಯನ್ನು ಕಾಗದದ ಮೇಲೆ ಬರೆದು, ಯಂತ್ರದಿಂದ ಪ್ರತ್ಯೇಕವಾಗಿ ಸುರಕ್ಷಿತವಾಗಿಡುವುದು. ಈ ಸಂಖ್ಯೆ ಇಲ್ಲದಿದ್ದಲ್ಲಿ, ಡಿಸ್ಕ್ ಸುಸ್ಥಿತಿಯಲ್ಲಿದ್ದರೂ ಕಡತಗಳನ್ನು ಹೊರತೆಗೆಯುವುದು ಅಸಾಧ್ಯವಾಗಬಹುದು.

3. ಸ್ಥಗಿತದ ಸ್ವರೂಪವನ್ನು ಗುರುತಿಸುವುದು

ಯಂತ್ರವು ಯಾವ ರೀತಿಯಲ್ಲಿ ಸ್ಥಗಿತಗೊಂಡಿತು ಎಂಬುದೇ ಕಾರಣದ ಮೊದಲ ಸುಳಿವಾಗಿರುತ್ತದೆ.

(ಅ) ಯಾವುದೇ ಸಂದೇಶವಿಲ್ಲದೆ, ದೀಪ ಆರಿದಂತೆ ಏಕಾಏಕಿ ಆಫ್ ಆಗುವುದು: ಅತಿಯಾದ ಉಷ್ಣತೆ, ಬ್ಯಾಟರಿ ಅಥವಾ ಅಡಾಪ್ಟರ್ ದೋಷದ ಸಂಭವ ಹೆಚ್ಚು.

(ಆ) ನೀಲಿ ಪರದೆಯ ಮೇಲೆ ದೋಷಸೂಚಕ ಪದಗಳು ಕಾಣಿಸಿಕೊಂಡು ಮರುಆರಂಭವಾಗುವುದು: ಡ್ರೈವರ್, ಮೆಮೊರಿ ಅಥವಾ ಡಿಸ್ಕ್ ದೋಷದ ಸಂಭವ ಹೆಚ್ಚು. 2025ರಲ್ಲಿ ವಿಂಡೋಸ್ 11ರಲ್ಲಿ ಜಾರಿಗೆ ಬಂದ ಬದಲಾವಣೆಯಂತೆ ಈ ಪರದೆ ಕಪ್ಪು ಬಣ್ಣದಲ್ಲಿಯೂ ಇರಬಹುದು.

(ಇ) ಪರದೆ ನಿಶ್ಚಲವಾಗಿ, ಮೌಸ್ ಮತ್ತು ಕೀಲಿಮಣೆ ಸ್ಪಂದಿಸದಿರುವುದು: ಡಿಸ್ಕ್ ಅಥವಾ ಗ್ರಾಫಿಕ್ಸ್ ದೋಷ, ಇಲ್ಲವೇ ಮೆಮೊರಿ ಸಾಲದಿರುವುದು ಕಾರಣವಿರಬಹುದು.

(ಈ) ಒಂದೇ ತಂತ್ರಾಂಶ ಮಾತ್ರ ಮುಚ್ಚಿಹೋಗಿ ಉಳಿದವು ಸರಿಯಾಗಿರುವುದು: ಇದು ಯಂತ್ರದ ಸ್ಥಗಿತವಲ್ಲ. ಸದರಿ ತಂತ್ರಾಂಶವನ್ನು ತೆಗೆದು ಪುನಃ ಅಳವಡಿಸಿದಲ್ಲಿ ಬಹುಪಾಲು ಸರಿಹೋಗುತ್ತದೆ.

ಅರ್ಜಿದಾರರು ಒಂದು ಹಾಳೆಯಲ್ಲಿ ಪ್ರತಿ ಸ್ಥಗಿತದ ದಿನಾಂಕ, ವೇಳೆ, ಆಗ ನಡೆಯುತ್ತಿದ್ದ ಕೆಲಸ, ಚಾರ್ಜರ್ ಜೋಡಿಸಲಾಗಿತ್ತೇ ಎಂಬುದು ಹಾಗೂ ಯಂತ್ರ ಎಷ್ಟು ಬಿಸಿಯಾಗಿತ್ತು ಎಂಬುದನ್ನು ನಮೂದಿಸುವುದು. ನಾಲ್ಕೈದು ನಮೂದುಗಳಾಗುವಷ್ಟರಲ್ಲಿ ಅನೇಕ ವೇಳೆ ಕಾರಣ ತಾನಾಗಿಯೇ ಗೋಚರಿಸುತ್ತದೆ.

4. ಯಂತ್ರದಲ್ಲಿಯೇ ಇರುವ ದಾಖಲೆಗಳು

ವಿಂಡೋಸ್ ಯಂತ್ರವು ತನ್ನ ದೋಷಗಳ ದಾಖಲೆಯನ್ನು ಇಟ್ಟುಕೊಂಡಿರುತ್ತದೆ. ಸ್ಟಾರ್ಟ್ ಪಟ್ಟಿಯಲ್ಲಿ ‘ವ್ಯೂ ರಿಲಯಬಿಲಿಟಿ ಹಿಸ್ಟರಿ’ ಎಂದು ಹುಡುಕಿದಲ್ಲಿ ದಿನವಾರು ನಕ್ಷೆ ತೆರೆಯುತ್ತದೆ. ಕೆಂಪು ಗುರುತುಗಳು ದೋಷಗಳನ್ನು ಸೂಚಿಸುತ್ತವೆ. ಮೊದಲ ಕೆಂಪು ಗುರುತಿಗೆ ಹಿಂದಿನ ದಿನಗಳಲ್ಲಿ ಯಾವ ತಂತ್ರಾಂಶ ಅಥವಾ ಡ್ರೈವರ್ ಅಳವಡಿಕೆಯಾಗಿದೆ ಎಂಬುದನ್ನು ಗಮನಿಸುವುದು.

‘ಈವೆಂಟ್ ವ್ಯೂವರ್’ನಲ್ಲಿ ಕರ್ನಲ್-ಪವರ್ 41 ಎಂಬ ನಮೂದು ಕಂಡುಬಂದಲ್ಲಿ, ಅದನ್ನೇ ಕಾರಣವೆಂದು ಭಾವಿಸಬಾರದು. ಯಂತ್ರವು ಕ್ರಮಬದ್ಧವಾಗಿ ಮುಚ್ಚಲ್ಪಡದೆ ಮರುಆರಂಭವಾಗಿದೆ ಎಂಬುದಷ್ಟೇ ಇದರ ಅರ್ಥ.

ಪರದೆಯ ಮೇಲೆ ಕಾಣುವ ದೋಷಸೂಚಕ ಪದಗಳನ್ನು ಮೊಬೈಲ್‌ನಲ್ಲಿ ಛಾಯಾಚಿತ್ರ ತೆಗೆದುಕೊಳ್ಳುವುದು. ಕೆಲವು ಸಾಮಾನ್ಯ ಸೂಚಕಗಳು ಈ ಕೆಳಕಂಡಂತಿವೆ:

- ಮೆಮೊರಿ ಮ್ಯಾನೇಜ್‌ಮೆಂಟ್: ಮೊದಲು ಮೆಮೊರಿಯನ್ನು ಪರೀಕ್ಷಿಸುವುದು.
- ಡ್ರೈವರ್ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್: ಡ್ರೈವರ್ ದೋಷ. ಹಲವು ವೇಳೆ ಕಡತದ ಹೆಸರೂ ಜೊತೆಗಿರುತ್ತದೆ.
- ವಿಡಿಯೊ ಟಿಡಿಆರ್ ಫೇಲ್ಯೂರ್: ಗ್ರಾಫಿಕ್ಸ್ ಡ್ರೈವರ್ ಅಥವಾ ಗ್ರಾಫಿಕ್ಸ್ ಭಾಗ.
- ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್: ಡಿಸ್ಕ್ ಅಥವಾ ಅದರ ಡ್ರೈವರ್.
- ಹ್ವಿಯಾ ಅನ್‌ಕರೆಕ್ಟಬಲ್ ಎರರ್: ಯಂತ್ರಾಂಶ ದೋಷ. ಉಷ್ಣತೆಯನ್ನೂ ಪರಿಶೀಲಿಸುವುದು.

ಒಂದೇ ಸೂಚಕ ಪ್ರತಿ ಬಾರಿಯೂ ಕಾಣಿಸಿಕೊಂಡಲ್ಲಿ ಡ್ರೈವರ್‌ನತ್ತಲೂ, ಪ್ರತಿ ಬಾರಿ ಬೇರೆ ಬೇರೆ ಸೂಚಕಗಳು ಕಾಣಿಸಿಕೊಂಡಲ್ಲಿ ಮೆಮೊರಿಯತ್ತಲೂ ಮೊದಲು ಗಮನ ಹರಿಸುವುದು ಸೂಕ್ತ.

5. ಉಷ್ಣತೆ ಮತ್ತು ವಿದ್ಯುತ್

ಲ್ಯಾಪ್‌ಟಾಪ್‌ಗಳನ್ನು ಸಾಮಾನ್ಯವಾಗಿ 35 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೊಠಡಿ ತಾಪಮಾನದಲ್ಲಿ ಬಳಸಲು ರೂಪಿಸಲಾಗಿರುತ್ತದೆ. ರಾಯಚೂರು, ಕಲಬುರಗಿ ಮುಂತಾದ ಜಿಲ್ಲೆಗಳಲ್ಲಿ ಬೇಸಿಗೆಯ ತಾಪಮಾನ 40 ಡಿಗ್ರಿಯನ್ನು ಮೀರುತ್ತದೆ. ಪ್ರೊಸೆಸರ್‌ನ ಉಷ್ಣತೆ ಏರಿದಂತೆ ಯಂತ್ರವು ಮೊದಲು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಮಿತಿ ಮೀರಿದಲ್ಲಿ ತನ್ನ ರಕ್ಷಣೆಗಾಗಿ ತಾನೇ ಆಫ್ ಆಗುತ್ತದೆ. ಮಧ್ಯಾಹ್ನ ಸ್ಥಗಿತಗೊಳ್ಳುವ ಯಂತ್ರ ಬೆಳಗಿನ ಜಾವ ಸರಿಯಾಗಿ ನಡೆದಲ್ಲಿ, ಉಷ್ಣತೆಯನ್ನೇ ಮೊದಲು ಶಂಕಿಸುವುದು.

ಯಂತ್ರವನ್ನು ಹಾಸಿಗೆ, ದಿಂಬು ಅಥವಾ ಕಂಬಳಿಯ ಮೇಲಿಟ್ಟಲ್ಲಿ ಕೆಳಭಾಗದ ಗಾಳಿಕಿಂಡಿಗಳು ಮುಚ್ಚಿಹೋಗುತ್ತವೆ. ಆದುದರಿಂದ ಮೇಜು ಅಥವಾ ಮರದ ಹಲಗೆಯ ಮೇಲಿಟ್ಟು ಬಳಸುವುದು. ಯಂತ್ರವನ್ನು ಆಫ್ ಮಾಡಿ, ಚಾರ್ಜರ್ ತೆಗೆದು, ಮೃದುವಾದ ಕುಂಚದಿಂದ ಕಿಂಡಿಗಳ ಧೂಳನ್ನು ತೆಗೆಯುವುದು. ಫ್ಯಾನ್ ತಿರುಗುವ ಶಬ್ದವೇ ಕೇಳಿಸದಿದ್ದು ಯಂತ್ರ ಬಿಸಿಯಾಗುತ್ತಿದ್ದಲ್ಲಿ ಫ್ಯಾನ್ ಬದಲಾಯಿಸಬೇಕಾಗಬಹುದು.

ಚಾರ್ಜರ್ ಜೋಡಿಸಿದಾಗ ಮಾತ್ರ ಅಥವಾ ಬ್ಯಾಟರಿಯಲ್ಲಿದ್ದಾಗ ಮಾತ್ರ ಸ್ಥಗಿತಗೊಳ್ಳುತ್ತಿದ್ದಲ್ಲಿ ಆ ಭಾಗವನ್ನು ಪರೀಕ್ಷಿಸುವುದು. ತಯಾರಕರು ಸೂಚಿಸಿದ್ದಕ್ಕಿಂತ ಕಡಿಮೆ ವಾಟ್‌ನ ಅಡಾಪ್ಟರ್ ಬಳಸುವುದರಿಂದಲೂ ಇಂತಹ ತೊಂದರೆ ಉಂಟಾಗಬಹುದು.

ಎಚ್ಚರಿಕೆ: ಕೀಲಿಮಣೆ ಅಥವಾ ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದಂತೆ ಕಂಡಲ್ಲಿ ಬ್ಯಾಟರಿ ಊದಿಕೊಂಡಿರುವ ಸಂಭವವಿದ್ದು, ಬೆಂಕಿ ಹೊತ್ತಿಕೊಳ್ಳುವ ಅಪಾಯವಿರುತ್ತದೆ. ಬಳಕೆಯನ್ನು ಕೂಡಲೇ ನಿಲ್ಲಿಸಿ, ಚಾರ್ಜರ್ ತೆಗೆದು, ಅಧಿಕೃತ ಸೇವಾ ಕೇಂದ್ರಕ್ಕೆ ಒಯ್ಯುವುದು. ಬ್ಯಾಟರಿಯನ್ನು ಒತ್ತುವುದು, ಚುಚ್ಚುವುದು ಅಥವಾ ಮನೆಯ ಕಸದೊಂದಿಗೆ ಹಾಕುವುದು ಸರ್ವಥಾ ಕೂಡದು.

6. ಮೆಮೊರಿ ಮತ್ತು ಡಿಸ್ಕ್

‘ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್’ ಎಂಬ ಸಾಧನ ಯಂತ್ರದಲ್ಲಿಯೇ ಇರುತ್ತದೆ. ಇದನ್ನು ಚಲಾಯಿಸಿದಲ್ಲಿ ಯಂತ್ರ ಮರುಆರಂಭವಾಗಿ ಪರೀಕ್ಷೆ ನಡೆಯುತ್ತದೆ. ಲಾಗಿನ್ ಆದ ನಂತರ ಫಲಿತಾಂಶ ಪ್ರಕಟವಾಗುತ್ತದೆ. ಎರಡು ಮೆಮೊರಿ ಪಟ್ಟಿಗಳಿರುವ ಯಂತ್ರದಲ್ಲಿ ತಂತ್ರಜ್ಞರ ಸಹಾಯದಿಂದ ಒಂದನ್ನು ತೆಗೆದು ಇನ್ನೊಂದರಲ್ಲಿ ನಡೆಸಿ ನೋಡಿದಲ್ಲಿ ದೋಷವಿರುವ ಪಟ್ಟಿ ತಿಳಿಯುತ್ತದೆ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿಯನ್ನು ಮದರ್‌ಬೋರ್ಡ್‌ಗೇ ಬೆಸುಗೆ ಹಾಕಲಾಗಿರುವುದರಿಂದ ಪ್ರತ್ಯೇಕ ಬದಲಾವಣೆ ಸಾಧ್ಯವಿರುವುದಿಲ್ಲ.

ಡಿಸ್ಕ್‌ನಲ್ಲಿ ಖಾಲಿ ಜಾಗ ತೀರಾ ಕಡಿಮೆಯಿದ್ದಲ್ಲಿ, ಅನಗತ್ಯ ಕಡತಗಳನ್ನು ತೆಗೆದು ಜಾಗ ಒದಗಿಸುವುದು. ಕಡತಗಳ ನಕಲು ಪೂರ್ಣಗೊಂಡ ನಂತರ ಮಾತ್ರ ‘ಚೆಕ್ ಡಿಸ್ಕ್’ ಪರೀಕ್ಷೆ ನಡೆಸುವುದು. ಡಿಸ್ಕ್ ತನ್ನ ಸ್ಥಿತಿ ಕೆಟ್ಟಿದೆಯೆಂದು ತಾನೇ ವರದಿ ಮಾಡುತ್ತಿದ್ದಲ್ಲಿ ದುರಸ್ತಿಗೆ ಕಾಯದೆ ಬದಲಾಯಿಸತಕ್ಕದ್ದು.

7. ಡ್ರೈವರ್ ಮತ್ತು ತಂತ್ರಾಂಶ

ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ‘ರೀಸ್ಟಾರ್ಟ್’ ಆಯ್ಕೆ ಮಾಡಿದಲ್ಲಿ ದುರಸ್ತಿ ಪಟ್ಟಿ ತೆರೆಯುತ್ತದೆ. ಅದರಲ್ಲಿ ‘ಟ್ರಬಲ್‌ಶೂಟ್’, ‘ಅಡ್ವಾನ್ಸ್ಡ್ ಆಪ್ಷನ್ಸ್’, ‘ಸ್ಟಾರ್ಟಪ್ ಸೆಟ್ಟಿಂಗ್ಸ್’ ಮೂಲಕ ‘ಸೇಫ್ ಮೋಡ್’ ಆರಿಸಿಕೊಳ್ಳಬಹುದು. ಈ ಸ್ಥಿತಿಯಲ್ಲಿ ಅತ್ಯಗತ್ಯ ಡ್ರೈವರ್‌ಗಳು ಮಾತ್ರ ಚಾಲನೆಯಲ್ಲಿರುತ್ತವೆ. ಸೇಫ್ ಮೋಡ್‌ನಲ್ಲಿ ಯಂತ್ರ ಬಹುಕಾಲ ಸರಿಯಾಗಿ ನಡೆದಲ್ಲಿ ದೋಷವು ಡ್ರೈವರ್ ಅಥವಾ ಅಳವಡಿಸಿದ ತಂತ್ರಾಂಶದಲ್ಲಿರುವ ಸಂಭವ ಹೆಚ್ಚು. ಅಲ್ಲಿಯೂ ಸ್ಥಗಿತಗೊಂಡಲ್ಲಿ ಯಂತ್ರಾಂಶದಲ್ಲಿರುವ ಸಂಭವ ಹೆಚ್ಚು.

ಇತ್ತೀಚೆಗೆ ಅಳವಡಿಸಿದ ತಂತ್ರಾಂಶವನ್ನು ತೆಗೆಯುವುದು, ‘ಡಿವೈಸ್ ಮ್ಯಾನೇಜರ್’ನಲ್ಲಿ ಡ್ರೈವರ್‌ನ ಹಿಂದಿನ ಆವೃತ್ತಿಗೆ ಮರಳುವುದು ಹಾಗೂ ಎರಡು ಆಂಟಿವೈರಸ್ ತಂತ್ರಾಂಶಗಳಿದ್ದಲ್ಲಿ ಒಂದನ್ನು ತೆಗೆಯುವುದು ಮುಂದಿನ ಕ್ರಮಗಳಾಗಿವೆ. ಒಂದೊಂದು ಬದಲಾವಣೆಯ ನಂತರವೂ ಒಂದೆರಡು ದಿನ ಯಂತ್ರವನ್ನು ಗಮನಿಸಿಯೇ ಮುಂದಿನದಕ್ಕೆ ಹೋಗುವುದು.

ಉದಾಹರಣೆಗೆ, 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶದ ದೋಷಪೂರಿತ ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ, ವಿಶ್ವದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಯೊಂದಿಗೆ ಸ್ಥಗಿತಗೊಂಡವು. ಸದರಿ ಯಂತ್ರಗಳ ಯಂತ್ರಾಂಶದಲ್ಲಿ ಯಾವುದೇ ದೋಷವಿರಲಿಲ್ಲ. ಸೇಫ್ ಮೋಡ್‌ನಲ್ಲಿ ಆರಂಭಿಸಿ ಒಂದು ಕಡತವನ್ನು ಅಳಿಸಿದಾಗ ಅವು ಸರಿಹೋದವು. ಬಿಟ್‌ಲಾಕರ್ ಇದ್ದ ಯಂತ್ರಗಳಿಗೆ ಮಾತ್ರ ಮೊದಲು ರಿಕವರಿ ಕೀ ಬೇಕಾಯಿತು.

8. ರೀಸೆಟ್: ಕಟ್ಟಕಡೆಯ ಕ್ರಮ

ಮೇಲ್ಕಂಡ ಕ್ರಮಗಳಿಂದ ಪರಿಹಾರ ದೊರೆಯದೆ, ಯಂತ್ರಾಂಶ ಸರಿಯಿದೆ ಎಂದು ಖಚಿತವಾದಲ್ಲಿ ಮಾತ್ರ ರೀಸೆಟ್ ಮಾಡುವುದು. ‘ಕೀಪ್ ಮೈ ಫೈಲ್ಸ್’ ಆಯ್ಕೆಯಲ್ಲಿ ಸ್ವಂತ ಕಡತಗಳು ಉಳಿದರೂ ಅಳವಡಿಸಿದ ತಂತ್ರಾಂಶಗಳು ಅಳಿಸಿಹೋಗುತ್ತವೆ. ‘ರಿಮೂವ್ ಎವೆರಿಥಿಂಗ್’ ಆಯ್ಕೆಯಲ್ಲಿ ಎಲ್ಲವೂ ಅಳಿಸಿಹೋಗುತ್ತದೆ. ಉಷ್ಣತೆ ಅಥವಾ ಮೆಮೊರಿ ದೋಷವಿದ್ದಲ್ಲಿ ರೀಸೆಟ್‌ನಿಂದ ಯಾವ ಪ್ರಯೋಜನವೂ ಆಗುವುದಿಲ್ಲ.

9. ಅರ್ಜಿ ಸಲ್ಲಿಸುವ ವೇಳೆ ಯಂತ್ರ ಸ್ಥಗಿತಗೊಂಡಲ್ಲಿ

(ಅ) ಹೊಸ ಅರ್ಜಿ ಆರಂಭಿಸುವ ಮುನ್ನ ಮೊಬೈಲ್ ಅಥವಾ ಬೇರೆ ಯಂತ್ರದಿಂದ ಲಾಗಿನ್ ಆಗಿ, ಹಿಂದಿನ ಅರ್ಜಿ ಕರಡಾಗಿ ಉಳಿದಿದೆಯೇ ಅಥವಾ ಸಲ್ಲಿಕೆಯಾಗಿದೆಯೇ ಎಂದು ಪರಿಶೀಲಿಸುವುದು.

(ಆ) ಶುಲ್ಕ ಪಾವತಿಯ ವೇಳೆ ಸ್ಥಗಿತಗೊಂಡಲ್ಲಿ ಕೂಡಲೇ ಎರಡನೇ ಬಾರಿ ಪಾವತಿಸಬಾರದು. ಬ್ಯಾಂಕ್ ಖಾತೆಯ ವಿವರ ಮತ್ತು ಪಾವತಿಯ ಸ್ಥಿತಿಯನ್ನು ಮೊದಲು ನೋಡುವುದು. ಭಾರತೀಯ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಯುಪಿಐ ಮೂಲಕ ಹಣ ಕಡಿತವಾಗಿ ಸ್ವೀಕರಿಸುವವರಿಗೆ ದೃಢೀಕರಣ ತಲುಪದಿದ್ದಲ್ಲಿ ವ್ಯವಹಾರದ ದಿನದಿಂದ 5 ದಿನಗಳೊಳಗೆ ಹಣ ಹಿಂತಿರುಗಬೇಕು. ವಿಳಂಬವಾದಲ್ಲಿ ದಿನವೊಂದಕ್ಕೆ 100 ರೂ. ಪರಿಹಾರ ನೀಡಬೇಕು.

(ಇ) ಕೊನೆಯ ದಿನಾಂಕ ಸಮೀಪಿಸಿದ್ದಲ್ಲಿ ಯಂತ್ರದ ದುರಸ್ತಿಗೆ ಕಾಯದೆ, ಗ್ರಾಮ ಒನ್, ಕರ್ನಾಟಕ ಒನ್ ಅಥವಾ ಬೆಂಗಳೂರು ಒನ್ ಕೇಂದ್ರದಲ್ಲಿ ಸದರಿ ಸೇವೆ ಲಭ್ಯವಿದೆಯೇ ಎಂದು ವಿಚಾರಿಸುವುದು. ಪೆನ್‌ಡ್ರೈವ್‌ನಲ್ಲಿ ಉಳಿಸಿಕೊಂಡ ದಾಖಲೆಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ.

10. ದುರಸ್ತಿಗೆ ನೀಡುವ ಮುನ್ನ

ಕಡತಗಳ ನಕಲು ಪಡೆದು, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮುಂತಾದವುಗಳ ಪ್ರತಿಗಳನ್ನು ಯಂತ್ರದಿಂದ ತೆಗೆಯುವುದು. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ಅಳಿಸುವುದು. ದೋಷದ ವಿವರ ಮತ್ತು ಅಂದಾಜು ವೆಚ್ಚ ನಮೂದಿಸಿದ ರಸೀದಿ ಪಡೆಯುವುದು. ಡಿಸ್ಕ್ ಬದಲಾಯಿಸಿದಲ್ಲಿ ಹಳೆಯ ಡಿಸ್ಕನ್ನು ಹಿಂಪಡೆಯಲು ಕೋರುವುದು. ಅರ್ಜಿದಾರರು ಬರೆದಿಟ್ಟುಕೊಂಡ ಸ್ಥಗಿತಗಳ ಹಾಳೆಯನ್ನು ತಂತ್ರಜ್ಞರಿಗೆ ನೀಡಿದಲ್ಲಿ ಅನಗತ್ಯ ಭಾಗಗಳ ಬದಲಾವಣೆ ಮತ್ತು ವೆಚ್ಚ ತಪ್ಪುತ್ತದೆ. ಖಾತರಿ ಅವಧಿಯಲ್ಲಿ ಸೇವೆ ನಿರಾಕರಿಸಿದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದಾಗಿದೆ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪರದೆಯ ಮೇಲೆ ಯಂತ್ರ ಕೆಟ್ಟಿದೆ, ಈ ದೂರವಾಣಿ ಸಂಖ್ಯೆಗೆ ಕರೆ ಮಾಡಿ ಎಂಬ ಸಂದೇಶ ಬಂದಲ್ಲಿ ಏನು ಮಾಡುವುದು?
ಉತ್ತರ: ನಿಜವಾದ ನೀಲಿ ಪರದೆಯಲ್ಲಿ ದೂರವಾಣಿ ಸಂಖ್ಯೆ ಇರುವುದಿಲ್ಲ. ಇದು ವಂಚನೆಯ ಸಂದೇಶವಾಗಿದ್ದು, ಬ್ರೌಸರ್ ಮುಚ್ಚಿ ಯಂತ್ರವನ್ನು ಮರುಆರಂಭಿಸುವುದು. ಹಣ ಕಳೆದುಕೊಂಡಿದ್ದಲ್ಲಿ ವಿಳಂಬ ಮಾಡದೆ 1930 ಸಹಾಯವಾಣಿಗೆ ಕರೆ ಮಾಡತಕ್ಕದ್ದು.

ಪ್ರಶ್ನೆ: ವಿಂಡೋಸ್ 10 ಬಳಕೆ ಮುಂದುವರಿಸಬಹುದೇ?
ಉತ್ತರ: ಇದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಕ್ತಾಯಗೊಂಡಿದೆ. ಯಂತ್ರ ಚಾಲನೆಯಲ್ಲಿಯೇ ಇರುತ್ತದೆಯಾದರೂ, ಭದ್ರತೆಯ ದೃಷ್ಟಿಯಿಂದ ಬೆಂಬಲವಿರುವ ಆವೃತ್ತಿಗೆ ಬದಲಾಗುವುದು ಸೂಕ್ತ.

ಪ್ರಶ್ನೆ: ಪವರ್ ಗುಂಡಿಯನ್ನು ಒತ್ತಿಹಿಡಿದು ಯಂತ್ರವನ್ನು ಆಫ್ ಮಾಡಬಹುದೇ?
ಉತ್ತರ: ಕೆಲ ನಿಮಿಷ ಕಾದರೂ ಯಂತ್ರ ಸ್ಪಂದಿಸದಿದ್ದಲ್ಲಿ ಮಾತ್ರ ಮಾಡಬಹುದು. ಅಪ್‌ಡೇಟ್ ನಡೆಯುತ್ತಿರುವಾಗ ಮಾಡಬಾರದು.

ಗಮನಿಸಿ: ಯಂತ್ರದ ಬಿಡಿಭಾಗಗಳನ್ನು ಪುನಃ ಖರೀದಿಸಬಹುದು, ಅಳಿಸಿಹೋದ ದಾಖಲೆಯನ್ನು ಮರಳಿ ಪಡೆಯಲು ಕಚೇರಿಗಳಿಗೆ ಅಲೆಯಬೇಕಾಗುತ್ತದೆ. ಆದುದರಿಂದ ಅರ್ಜಿದಾರರು ತಮ್ಮ ದಾಖಲೆಗಳ ಒಂದು ಪ್ರತಿಯನ್ನು ಲ್ಯಾಪ್‌ಟಾಪ್‌ನ ಹೊರಗೆ ಸದಾ ಇಟ್ಟುಕೊಂಡಿರತಕ್ಕದ್ದು.