ರಕ್ತನಾಳಕ್ಕೊಂದು ಆಸರೆ

ಕಾಲುವೆಯ ಹೂಳೆತ್ತಿದರೆ ಸಾಲದು, ದಂಡೆ ಕುಸಿಯದಂತೆ ಕಾಯಲೂ ಬೇಕೆಂಬುದು ರೈತನಿಗೆ ತಿಳಿದ ಮಾತು. ಹೃದಯಕ್ಕೆ ರಕ್ತವನ್ನೊಯ್ಯುವ ನಾಳಗಳ ವಿಚಾರದಲ್ಲಿ ವೈದ್ಯರೂ ಈ ಪಾಠವನ್ನು ಹಂತಹಂತವಾಗಿ ಕಲಿತರು.

1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್‌ಸಿಗ್ ಎಂಬ ವೈದ್ಯರು ರೋಗಿಯ ಕಿರಿದಾದ ನಾಳದೊಳಗೆ ಪುಟ್ಟ ಬಲೂನೊಂದನ್ನು ಉಬ್ಬಿಸಿ ರಕ್ತಕ್ಕೆ ದಾರಿ ಮಾಡಿದರು. ಎದೆಯನ್ನು ಸೀಳುವ ಪ್ರಮೇಯವೇ ಬರಲಿಲ್ಲ. ಆದರೆ ಹೀಗೆ ತೆರೆದ ನಾಳಗಳಲ್ಲಿ ಸುಮಾರು ಮೂರರಲ್ಲೊಂದು ಕೆಲವೇ ತಿಂಗಳಲ್ಲಿ ಮತ್ತೆ ಕಿರಿದಾಗುತ್ತಿತ್ತು.

1986ರಲ್ಲಿ ಟುಲೂಸಿನಲ್ಲಿ ಜಾಕ್ ಪ್ಯುಯೆಲ್, ಲೊಸಾನಿನಲ್ಲಿ ಉಲ್ರಿಚ್ ಸಿಗ್‌ವರ್ಟ್ ನಾಳದ ಗೋಡೆಗೆ ಲೋಹದ ಜಾಲರಿಯ ಆಸರೆ ಕೊಟ್ಟರು. ಅದೇ ಸ್ಟೆಂಟ್. ನಾಳವೇನೋ ಕುಸಿಯದೆ ನಿಂತಿತು. ಆದರೆ ಗಾಯ ಮಾಯುವಾಗ ಜೀವಕೋಶಗಳು ಜಾಲರಿಯೊಳಗೇ ಬೆಳೆದು ದಾರಿಯನ್ನು ಇಕ್ಕಟ್ಟಾಗಿಸಿದವು.

ಇದನ್ನು ತಡೆಯುವ ಮದ್ದು ದೊರೆತದ್ದು ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ. ಸಿರೊಲಿಮಸ್ ಎಂಬ ಆ ಮದ್ದನ್ನು ಲೇಪಿಸಿದ ಸ್ಟೆಂಟನ್ನು 1999ರಲ್ಲಿ ಬ್ರೆಜಿಲಿನ ಸಾವೊ ಪಾಲೊದಲ್ಲಿ ಎಡ್ವಾರ್ಡೊ ಸೌಸಾ ಅಳವಡಿಸಿದರು. ಆದರೆ ಅದರ ಗುಣವೇ ದೋಷವೂ ಆಯಿತು. ಲೋಹದ ಮೇಲೆ ಒಳಪೊರೆ ಹಬ್ಬುವುದು ತಡವಾಗಿ, ಬರಿದಾಗಿ ಉಳಿದ ತಂತಿಯ ಮೇಲೆ ರಕ್ತ ಹೆಪ್ಪುಗಟ್ಟುವ ಭಯ ಹುಟ್ಟಿತು. 2006ರಲ್ಲಿ ಈ ಭಯ ವೈದ್ಯಲೋಕವನ್ನೇ ಕಲಕಿತು. ತೆಳುವಾದ ತಂತಿಯ ಹೊಸ ಸ್ಟೆಂಟುಗಳು ಅದನ್ನು ಬಹುಮಟ್ಟಿಗೆ ತಗ್ಗಿಸಿವೆ. ಇಂದು ಹೆಚ್ಚಿನ ರೋಗಿಗಳಿಗೆ ಮದ್ದು ಲೇಪಿಸಿದ ಅವುಗಳನ್ನೇ ಬಳಸುತ್ತಾರೆ.

ಆದರೂ ಆಯ್ಕೆಯ ವೇಳೆ ನಾಳದ ಅಳತೆಯನ್ನಷ್ಟೇ ನೋಡಿದರೆ ಸಾಲದು. ರೋಗಿಗೆ ರಕ್ತಸ್ರಾವದ ಅಪಾಯವಿದೆಯೇ, ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ತಿಂಗಳುಗಟ್ಟಲೆ ತಪ್ಪದೆ ಸೇವಿಸಬಲ್ಲನೇ ಎಂದೂ ಕೇಳಬೇಕು. ಜಾಲರಿಯನ್ನು ಕೂರಿಸುವವರು ವೈದ್ಯರು. ಅದನ್ನು ಕಾಯುವ ಹೊಣೆಯಲ್ಲಿ ದೊಡ್ಡ ಪಾಲು ರೋಗಿಯದು.